ಆಷಾಢ ಮುಗಿದ ಮೇಲೆ

ಅಂಟಿನುಂಡಿಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕೋ ಪಕ್ಕದ ಕುರ್ಚಿಯ ಮೇಲೆ ಇಡಬೇಕೋ ರಾಜಶೇಖರನಿಗೆ ತಿಳಿಯಲಿಲ್ಲ. ಕಾಸ್ಟ್‌ಕೋ ಅಂಗಡಿಯಿಂದ ಗೋಡಂಬಿ ತಂದಿದ್ದ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಗೋಡಂಬಿಯ ಚಿತ್ರ ಇನ್ನೂ ಅದರ ಮೈಮೇಲೆ ಇತ್ತು. ಬೆಳಿಗ್ಗೆ ಚಿಕಾಗೋ ಹತ್ತಿರದ ಪ್ಲೇನ್‌ಫೀಲ್ಡಿನ ಮನೆಯಿಂದ ಹೊರಡುವಾಗ ತಾಯಿ ಗಂಗವ್ವ ಅದನ್ನು ಮೊಮ್ಮಗನಿಗೆ ಕೊಡದೆ ಮಗನ ಕೈಗೇ ಕೊಟ್ಟಿದ್ದಳು. ಮೊಮ್ಮಗನ ಕೈಗೆ ಕೊಟ್ಟರೆ ಡೆಟ್ರಾಯಿಟ್ ಮುಟ್ಟುವುದರೊಳಗೆ ಅರ್ಧ ಖಾಲಿಯಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಮೊಮ್ಮಗ ಸ್ವರೂಪ ಪಕ್ಕದಲ್ಲಿ ಕುಳಿತಿದ್ದ. ಹದಿನೇಳು ವರ್ಷದ ಹುಡುಗ, ಬಾಗಿಲಲ್ಲಿ ನಿಂತರೆ ಬಾಗಿಲು ತುಂಬುವಂಥ ಆಳು. ಕಾಲೇಜಿನವರು ಹಾಕಿಸಿದ ಕುರ್ಚಿ ಅವನಿಗೆ ಸಾಲದೆ ಮೊಣಕಾಲು ಎದೆಯ ಹತ್ತಿರ ಬಂದಿದ್ದವು. ತಾಯಿ ಇಸ್ತ್ರಿ ಮಾಡಿಕೊಟ್ಟ ಅಂಗಿ ಭುಜದಲ್ಲಿ ಬಿಗಿಯುತ್ತಿತ್ತು. ಎಡಗಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು.

"ಕಾಲು ಅಲ್ಲಾಡಸಬ್ಯಾಡ," ಎಂದ ರಾಜಶೇಖರ.

"ಸಾರಿ, ಅಪ್ಪ." ಕಾಲು ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಎದುರಿಗೆ ಕೋಚ್ ಮೆರಿಲ್ ಅವರ ಕೋಣೆಯ ಬಾಗಿಲು. ಕ್ಲಿಂಟನ್ ವ್ಯಾಲಿ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹೈಸ್ಕೂಲಿನಿಂದ ಹುಡುಗರನ್ನು ಒಂದು ವರ್ಷ ಮೊದಲೇ ಆರಿಸಿ ತರುವ ಹೊಣೆ ಇವರದು. ಚಿಕಾಗೋ ಸುತ್ತಲಿನ ಊರುಗಳು ಇವರ ಪಾಲಿಗೆ ಬಂದಿದ್ದವು. ಸ್ವರೂಪ ಆಡುವುದನ್ನು ಮಳೆಯಲ್ಲಿ ಛತ್ರಿ ಹಿಡಿದು ನಿಂತು ನೋಡಿ ಹೋಗಿದ್ದರು. ಇವತ್ತು ಶ್ರಾವಣದ ಮೊದಲ ದಿನ, ಅದೂ ಶುಕ್ರವಾರ. ತಂದೆ ಮಗ ಹೂಂ ಎಂದು ಹೇಳುವುದಕ್ಕೆ ಬಂದಿದ್ದರು. ಹೂಂ ಎನ್ನುವುದಕ್ಕೆ ಐದು ತಾಸು ಕಾರು ಓಡಿಸಿಕೊಂಡು ಬರಬೇಕಾಗಿಲ್ಲ, ಫೋನಿನಲ್ಲಿ ಅರ್ಧ ನಿಮಿಷದ ಕೆಲಸ ಎಂಬುದು ರಾಜಶೇಖರನಿಗೆ ತಿಳಿಯದ್ದೇನಲ್ಲ. ಆದರೆ ಅವರ ಮನೆಯಲ್ಲಿ ಒಳ್ಳೆಯ ಮಾತನ್ನು ಹಾಗೆ ಹೇಳುವ ಪದ್ಧತಿ ಇರಲಿಲ್ಲ. ಹೋಗಬೇಕು, ಬಾಯಿ ಸಿಹಿ ಮಾಡಬೇಕು, ಆಮೇಲೆ ಹೇಳಬೇಕು.

ಕ್ಲಿಂಟನ್ ವ್ಯಾಲಿ ದೊಡ್ಡ ಹೆಸರಿನ ಕಾಲೇಜಲ್ಲ. ಮಿಶಿಗನ್ನಿನಲ್ಲಿ ಫುಟ್‌ಬಾಲ್ ಎಂದಾಗ ಜನ ಹೇಳುವ ಎರಡು ಹೆಸರುಗಳಲ್ಲಿ ಅದು ಇಲ್ಲ. ಒತ್ತಾಯ ಮಾಡಿ ಕೇಳಿದರೆ ಹೇಳುವ ಮೂರನೆಯ ನಾಲ್ಕನೆಯ ಹೆಸರೂ ಅದಲ್ಲ. ಹಾಗಿದ್ದರೂ ಸ್ವರೂಪನನ್ನು ಕರೆದದ್ದು ಅದೊಂದೇ. ಓದು, ಊಟ, ವಸತಿ ಎಲ್ಲ ಕಾಲೇಜಿನದು, ನಾಲ್ಕು ವರ್ಷ ಆಟ. ಉಳಿದ ಕಡೆಯಿಂದ 'ಚೆನ್ನಾಗಿ ಆಡುತ್ತೀಯ, ಶುಭವಾಗಲಿ' ಎಂಬ ಉತ್ತರಗಳು ಬಂದಿದ್ದವು. ಇಲ್ಲಿ ಆಗದಿದ್ದರೆ ಹುಡುಗ ಯಾವುದೋ ಒಂದು ಕಾಲೇಜಿಗೆ ಹೋಗಿ ಓದುತ್ತಾನೆ, ಆಟ ಮುಗಿಯುತ್ತದೆ. ಆಟವಿಲ್ಲದ ಸ್ವರೂಪ ಹೇಗಿರುತ್ತಾನೆಂಬುದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಈ ಫುಟ್‌ಬಾಲ್ ರಾಜಶೇಖರನಿಗೆ ಅರ್ಥವಾಗುವುದಕ್ಕೆ ವರ್ಷಗಳೇ ಹಿಡಿದಿದ್ದವು. ಮಗ ಒಮ್ಮೆಯೂ ಚೆಂಡು ಮುಟ್ಟುವುದಿಲ್ಲ. ಚೆಂಡು ಇರುವವನ ಮುಂದೆ ಸಾಲಾಗಿ ನಿಲ್ಲುವ ಐವರಲ್ಲಿ ಒಬ್ಬ. ಎದುರಿನವರು ಮೈಮೇಲೆ ಬಿದ್ದರೆ ತಡೆಯಬೇಕು, ಅಷ್ಟೆ. ಇದನ್ನು ಮೊದಲ ದಿನವೇ ತಿಳಿದುಕೊಂಡವಳು ಗಂಗವ್ವ. ಗಜೇಂದ್ರಗಡದ ಕಡೆಯ ಅವಳ ಅಣ್ಣಂದಿರು ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವರು. ಹಿಂದಿನ ಸಲ ಅಮೆರಿಕಕ್ಕೆ ಬಂದಾಗ ಹೈಸ್ಕೂಲಿನ ಮೈದಾನದಲ್ಲಿ ಶಾಲು ಹೊದ್ದು ಕುಳಿತು, "ಇದು ಕುಸ್ತಿ ಬಿಡೋ, ಚೆಂಡೊಂದು ನೆವಾ," ಎಂದು ಮಗನಿಗೇ ಪಾಠ ಹೇಳಿದ್ದಳು. ಮೊಮ್ಮಗ ಎದುರಾಳಿಯನ್ನು ಎತ್ತಿ ಹಿಂದಕ್ಕೆ ಒಗೆದಾಗ ಅವಳು ಹಾಕಿದ ಸಿಳ್ಳಿಗೆ ಮುಂದಿನ ಸಾಲಿನವರು ತಿರುಗಿ ನೋಡಿದ್ದರು. ಈ ಸಲ ಬಂದವಳು ಬೇಸಿಗೆಯುದ್ದಕ್ಕೂ ಅವನಿಗೆ ತಿನ್ನಿಸುವುದೊಂದೇ ಕೆಲಸ ಇಟ್ಟುಕೊಂಡಿದ್ದಳು. ಸ್ವರೂಪ ಹೊರಗೆ ಚಿಕನ್ ತಿನ್ನುತ್ತಾನೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವಳಿಗೊಬ್ಬಳಿಗೆ ಗೊತ್ತಿಲ್ಲ. ಅವನ ತೋಳು ಹಿಚುಕಿ ನೋಡಿ ಅದೆಲ್ಲ ತನ್ನ ತುಪ್ಪದ ಪ್ರತಾಪ ಎಂದುಕೊಂಡಿದ್ದಳು.

ಕೋಚ್ ಮೆರಿಲ್ ಅವರ ಫೋನು ಬಂದದ್ದು ಜೂನ್ ಕೊನೆಯಲ್ಲಿ. ಸ್ವರೂಪ ಅಡಿಗೆಮನೆಯ ಕಟ್ಟೆಗೆ ಆತು ನಿಂತು ಕೇಳಿಸಿಕೊಳ್ಳುತ್ತಿದ್ದವನು ಒಮ್ಮೆಲೇ ನೆಟ್ಟಗಾದ. ಫೋನಿಗೆ ಕೈ ಅಡ್ಡ ಹಿಡಿದು ತಂದೆಯ ಕಡೆ ನೋಡಿದ.

"ಅಪ್ಪ, ಹಿ ವಾಂಟ್ಸ್ ಮಿ ಟು ಕಮಿಟ್. ಕ್ಯಾನ್ ಐ ಸೇ ಯೆಸ್?"

ರಾಜಶೇಖರನ ಬಾಯಲ್ಲಿ ಹೂಂ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಒಲೆಯ ಹತ್ತಿರ ನಿಂತಿದ್ದ ಗಂಗವ್ವ, "ಏನಂತ?" ಎಂದಳು. ಹೇಳಿದ. ಅವಳ ಮುಖ ಅರಳಿತು. ಸೆರಗಿನಿಂದ ಕೈ ಒರೆಸಿಕೊಂಡು ಫ್ರಿಜ್ಜಿಗೆ ಅಂಟಿಸಿದ್ದ ಊರಿನ ಕ್ಯಾಲೆಂಡರಿನ ಮುಂದೆ ಹೋಗಿ ನಿಂತಳು. ಅರಳಿದ ಮುಖ ಮೆಲ್ಲಗೆ ಗಂಭೀರವಾಯಿತು.

"ನಿನ್ನೀಗಿ ಆಷಾಢ ಕೂಡೇತಲ್ಲೋ ಶೇಖ್ರಾ."

"ಇಲ್ಲಿ ಯಾವ ಆಷಾಢವ್ವಾ?"

"ಎಲ್ಲಿದ್ದರೂ ಆಷಾಢ ಆಷಾಢನ. ಇಷ್ಟು ದೊಡ್ಡ ಮಾತು ಆಷಾಢದಾಗ ಒಪ್ಕೋಬ್ಯಾಡ್ರಪಾ. ಶ್ರಾವಣ ಕೂಡ್ಲಿ, ನಾ ಅಂಟಿನುಂಡಿ ಕಟ್ಟಿ ಕೊಡ್ತೇನಿ, ಹೋಗಿ ಕೊಟ್ಟು ಹೇಳಿ ಬರ್ರಿ. ಮಳ್ಯಾಗ ನಿಂತು ನೋಡಿದ ಮನಿಶಾ ಒಂದು ತಿಂಗಳು ಕಾಯೂದಿಲ್ಲೇನು?"

ಸ್ವರೂಪ ಇನ್ನೂ ಫೋನಿನ ಮೇಲೆ ಕೈ ಇಟ್ಟುಕೊಂಡೇ ಇದ್ದ.

ರಾಜಶೇಖರನಿಗೆ ಇದರಲ್ಲಿ ನಂಬಿಕೆ ಇತ್ತೆಂದಲ್ಲ. ಈಗ ಅವರು ನಿಂತಿದ್ದ ಮನೆಯ ಕಾಗದಕ್ಕೆ ಅವನು ಸಹಿ ಹಾಕಿದ್ದೇ ಒಂದು ಆಷಾಢದಲ್ಲಿ. ಆಗ ತಾಯಿ ಊರಲ್ಲಿದ್ದಳು, ಹೇಳಿರಲಿಲ್ಲ ಅಷ್ಟೆ. ಈ ಸಲ ಅವಳು ಅಡಿಗೆಮನೆಯಲ್ಲೇ ಇದ್ದಳು. ಮಗನ ಕೈಯಿಂದ ಫೋನು ತೆಗೆದುಕೊಂಡು ಅವನು ಗ್ಯಾರೇಜಿಗೆ ಹೋದ. ಜುಲೈ ಇಪ್ಪತ್ತೈದಕ್ಕೆ ಉತ್ತರ ಹೇಳುತ್ತೇವೆ ಎಂದ. ಬೇರೆ ಕಾಲೇಜು ಏನಾದರೂ ಇದೆಯೇ ಎಂದು ಕೋಚ್ ಕೇಳಿದರು. ಇಲ್ಲ, ಇಲ್ಲ, ಏನೂ ಇಲ್ಲ, ಫ್ಯಾಮಿಲಿ ಮ್ಯಾಟರ್, ಎಂದ ರಾಜಶೇಖರ. ಆ ಕಡೆ ಕಾಗದ ತಿರುವಿದ ಸದ್ದಾಯಿತು. ಆಮೇಲೆ, "ಸರಿ, ಇಪ್ಪತ್ತೈದು," ಎಂದರು.

ಇಪ್ಪತ್ತು ವರ್ಷ ಈ ಜನರ ನಡುವೆ ಕೆಲಸ ಮಾಡಿದವನು ರಾಜಶೇಖರ. ಊಟಕ್ಕೆ ಹೋದಾಗ ಮಾಂಸ ಯಾಕೆ ತಿನ್ನುವುದಿಲ್ಲ ಎಂದು ಯಾರಾದರೂ ಕೇಳಿದರೆ, ಡಾಕ್ಟರು ಬೇಡ ಎಂದಿದ್ದಾರೆ ಎನ್ನುತ್ತಿದ್ದ. ಹಬ್ಬಕ್ಕೆ ರಜೆ ಬೇಕಾದರೆ ಹಲ್ಲು ತೋರಿಸಬೇಕು ಎಂದು ಬರೆಯುತ್ತಿದ್ದ. ಆಫೀಸಿನವರ ಲೆಕ್ಕದಲ್ಲಿ ಅವನ ಬಾಯಲ್ಲಿ ಒಂದು ಹಲ್ಲೂ ಉಳಿದಿರುವ ಹಾಗಿರಲಿಲ್ಲ. ಹೀಗಿರುವವನು ಗ್ಯಾರೇಜಿನಲ್ಲಿ ನಿಂತು ಒಬ್ಬ ಫುಟ್‌ಬಾಲ್ ಕೋಚಿಗೆ ಆಷಾಢವೆಂದರೆ ಏನೆಂದು ಬಿಡಿಸಿ ಹೇಳುವುದು ಆಗುವ ಮಾತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ವಾಣಿಶ್ರೀ ಚಹಾ ಮುಂದಿಟ್ಟುಕೊಂಡು ಕೇಳಿದಳು. ಅವಳು ಬೋಲಿಂಗ್‌ಬ್ರೂಕಿನಲ್ಲಿ ಮಕ್ಕಳ ಡಾಕ್ಟರು. ತಂದೆತಾಯಿಗಳ ಬಾಯಿಂದ ನಿಜ ಹೊರಡಿಸುವುದು ಅವಳ ದಿನದ ಕೆಲಸ.

"ಯಾಕ ಕಾಯ್ರಿ ಅಂತ ಕಾರಣ ಹೇಳಿದ್ರೇನ್ರಿ?"

"ಹೇಳೂದೇನೈತಿ ಅದರಾಗ?"

"ಅತ್ತಿ ಹೇಳಿದ್ದು ನಡಸ್ರಿ, ಬ್ಯಾಡನ್ನೂದಿಲ್ಲ. ಆದ್ರ ಹೇಳಿ ಕಾಯಸ್ರಿ. ಹೇಳಲಾರದ ಕಾಯಿಸಿದ್ರ ಅವರು ಏನು ತಿಳ್ಕೋಬೇಕು?"

"ಹೇಳಿದ್ರ ಏನು ತಿಳ್ಕೋತಾರ? ಪಂಚಾಂಗ ನೋಡಿ ಉಸಿರಾಡೂ ಮಂದಿ ಅಂತ ತಿಳ್ಕೋತಾರ. ಹುಡುಗ ಅಲ್ಲಿ ನಾಕ ವರ್ಷ ಇರಬೇಕು."

ರಾಜಶೇಖರ ತನ್ನ ಲ್ಯಾಪ್‌ಟಾಪ್ ತಿರುಗಿಸಿ ಅವಳ ಮುಂದೆ ಇಟ್ಟ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅವನು ಕ್ವಾಲಿಟಿ ಇಂಜಿನಿಯರ್. ಬ್ರೇಕಿನ ಒಂದು ತುಂಡು ಸೋಮವಾರ ಸರಿಬಂದು ಮಂಗಳವಾರ ಯಾಕೆ ಕೆಡುತ್ತದೆಂದು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವನು. ರಾತ್ರಿಯೆಲ್ಲ ಕುಳಿತು ಕ್ಲಿಂಟನ್ ವ್ಯಾಲಿಯ ಹತ್ತು ವರ್ಷದ ಲೆಕ್ಕ ತೆಗೆದಿದ್ದ. ಯಾವ ವರ್ಷ ಎಷ್ಟು ಒಳ್ಳೆಯ ಹುಡುಗರು ಸಿಕ್ಕರು, ಯಾವ ಹುಡುಗ ಯಾವ ತಿಂಗಳಲ್ಲಿ ಒಪ್ಪಿದ, ಎಲ್ಲ ಇಂಟರ್ನೆಟ್ಟಿನಲ್ಲಿ ಬಿದ್ದಿರುತ್ತದೆ. ಒಂದು ವರ್ಷ ಸಾಲುಗಟ್ಟಿ ಬಂದಿದ್ದರು, ಮುಂದಿನ ವರ್ಷ ಕಾಡಿ ಬೇಡಿದರೂ ಬಂದಿರಲಿಲ್ಲ, ಅದರ ಮುಂದಿನ ವರ್ಷ ಮತ್ತೆ ಬಂದಿದ್ದರು. ಗೆರೆ ಏರಿ ಇಳಿದು ಏರಿ ಇಳಿದು ಹೋಗಿತ್ತು. ಅದರ ನಡುವೆ ಅವನು ಒಂದು ನೇರ ಗೆರೆ ಎಳೆದಿದ್ದ.

"ನೋಡು. ಇವನ ಜಾಗದ ಹುಡುಗರು ಸರಾಸರಿ ಅಕ್ಟೋಬರ್ ಮಟಾ ಸಿಗೂದಿಲ್ಲ ಅವರಿಗೆ. ನಾವು ಜುಲೈನಾಗ ಹೇಳಾಕತ್ತೇವಿ. ಟೈಮ್ ಭಾಳ ಐತಿ."

ಆಫೀಸಿನಲ್ಲಿ ಕೈಕೆಳಗಿನವರು ಯಾರಾದರೂ ಸರಾಸರಿ ಎಂಬ ಶಬ್ದ ತಂದರೆ ಅವನು ಮೈಮೇಲೆ ಬರುತ್ತಿದ್ದ. ಸರಾಸರಿ ಬೇಡ, ಏರಿಳಿತ ಎಷ್ಟು ಹೇಳು, ಯಾಕೆ ಏರಿತು ಯಾಕೆ ಇಳಿಯಿತು ಹೇಳು, ಎನ್ನುತ್ತಿದ್ದ. ಮನೆಯಲ್ಲಿ ಅವನನ್ನು ಹಾಗೆ ಕೇಳುವವರು ಇರಲಿಲ್ಲ. ವಾಣಿಶ್ರೀ ಚಹಾ ಕುಡಿದು ಡ್ಯೂಟಿಗೆ ಹೋದಳು.

ಶ್ರಾವಣದವರೆಗೆ ಕೋಚಿಗೆ ಏನೂ ಬರೆಯಬೇಡ, ಮಾತಾಡಬೇಡ ಎಂದು ಮಗನಿಗೆ ಕಟ್ಟಪ್ಪಣೆಯಾಯಿತು. ಹುಡುಗ, ಬಾಯಿ ಜಾರಿ ಹೂಂ ಎಂದುಬಿಟ್ಟರೆ ಎಂಬ ಹೆದರಿಕೆ. ಜುಲೈ ನಡುವಿನಲ್ಲಿ ಕೋಚ್, 'ಬಿಡುವಾದಾಗ ಫೋನ್ ಮಾಡು' ಎಂದು ಸ್ವರೂಪನಿಗೆ ಮೆಸೇಜು ಕಳಿಸಿದರು. ಸ್ವರೂಪ ಅದನ್ನು ತಂದೆಗೆ ತೋರಿಸಿದ. 'ಇಪ್ಪತ್ತೈದಕ್ಕೆ ನಾವೇ ಬಂದು ಭೇಟಿಯಾಗುತ್ತೇವೆ' ಎಂದು ರಾಜಶೇಖರನೇ ಅವನ ಫೋನಿನಿಂದ ಉತ್ತರ ಬರೆದ. 'ಆಗಲಿ, ಬನ್ನಿ' ಎಂದು ಬಂತು. ಆ 'ಆಗಲಿ'ಯನ್ನು ತಂದೆ ಒಂದು ಥರ ಓದಿದ, ಮಗ ಇನ್ನೊಂದು ಥರ ಓದಿದ. ಮಗ ಫೋನು ಜೇಬಿಗೆ ಹಾಕಿಕೊಂಡ.

ಎದುರಿನ ಬಾಗಿಲು ತೆರೆಯಿತು. ಕೋಚ್ ಮೆರಿಲ್ ಒಂದು ಕಾಲು ಎಳೆದುಕೊಂಡು ಬಂದರು. ಆಡುವ ಕಾಲದಲ್ಲಿ ಕೆಟ್ಟ ಮೊಣಕಾಲು. ಸ್ವರೂಪನ ಬೆನ್ನ ಮೇಲೆ ಕೈ ಇಟ್ಟು ಒಳಗೆ ಕರೆದರು. ಮೇಜಿನ ಹಿಂದೆ ಗೋಡೆಯುದ್ದದ ಬೋರ್ಡು ಇತ್ತು, ಅದರ ಮೇಲೆ ಪರದೆ ಎಳೆದಿತ್ತು.

ಕೂರುವುದಕ್ಕೆ ಮೊದಲೇ ರಾಜಶೇಖರ ಡಬ್ಬಿ ಮುಂದೆ ಚಾಚಿದ. ತನ್ನ ತಾಯಿ ಮಾಡಿದ್ದು, ಮೊದಲು ಇದನ್ನು ತಿನ್ನಬೇಕು, ಮಾತು ಆಮೇಲೆ, ಎಂದ. ಇಂಗ್ಲಿಷಿನಲ್ಲಿ ಅದು ಸ್ವಲ್ಪ ಜೋರು ಮಾಡಿದ ಹಾಗೆ ಕೇಳಿಸಿತು. ಕೋಚ್ ಒಂದು ಕ್ಷಣ ಸ್ವರೂಪನ ಮುಖ ನೋಡಿದರು. ಆಮೇಲೆ ಒಂದು ಉಂಡೆ ತೆಗೆದುಕೊಂಡು ಕಚ್ಚಿದರು. ಹುರಿದ ಅಂಟು ಅವರ ಹಲ್ಲಿನಡಿ ಕರಕರ ಎಂದದ್ದು ಆ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

"ಚೆನ್ನಾಗಿದೆ," ಎಂದರು. ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುವ ಮನುಷ್ಯ. "ಬಹಳ ಚೆನ್ನಾಗಿದೆ."

"ಕೋಚ್, ನಾವು ಒಪ್ಪಿಕೊಳ್ಳುವುದಕ್ಕೆ ಬಂದಿದ್ದೇವೆ," ಎಂದ ರಾಜಶೇಖರ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದ ಮಾತು. "ಸ್ವರೂಪ ನಿಮ್ಮಲ್ಲಿಗೆ ಬರುತ್ತಾನೆ."

ಕೋಚ್ ಅರ್ಧ ಉಂಡೆಯನ್ನು ಮೆಲ್ಲಗೆ ಒಂದು ಪೇಪರ್ ನ್ಯಾಪ್‌ಕಿನ್ ಮೇಲೆ ಇಟ್ಟರು. ಬಾಯಲ್ಲಿದ್ದದ್ದನ್ನು ನುಂಗುವುದಕ್ಕೆ ಅವರಿಗೆ ಹೊತ್ತು ಹಿಡಿಯಿತು.

"ಸ್ವರೂಪ್," ಎಂದು ತಂದೆಯನ್ನು ಬಿಟ್ಟು ಹುಡುಗನಿಗೇ ಹೇಳಿದರು, "ನಿನ್ನ ಜಾಗ ಹೋದ ವಾರ ಹೋಯಿತು. ಅದನ್ನು ಹೇಳುವುದಕ್ಕೇ ಫೋನ್ ಮಾಡು ಎಂದಿದ್ದೆ. ಇಂಥದನ್ನು ಮೆಸೇಜಿನಲ್ಲಿ ಬರೆಯುವವನಲ್ಲ ನಾನು. ನೀನೇ ಬರುತ್ತೇನೆ ಎಂದಾಗ, ಸರಿ, ಎದುರಿಗೇ ಹೇಳೋಣ ಎಂದುಕೊಂಡೆ. ಯಾವುದೋ ದೊಡ್ಡ ಕಾಲೇಜು ಸಿಕ್ಕಿರಬೇಕು, ಅದನ್ನು ಹೇಳುವುದಕ್ಕೆ ಬರುತ್ತಿದ್ದೀರಿ ಎಂದೂ ಅನ್ನಿಸಿತ್ತು."

ಸ್ವರೂಪನ ಕಾಲು ನಿಂತಿತು. "ಓಕೆ," ಎಂದ.

ರಾಜಶೇಖರನಿಗೆ ಮೊದಲು ತೋಚಿದ್ದು ಲೆಕ್ಕ. "ಆದರೆ ಹೋದ ವರ್ಷ ನಿಮಗೆ ಅಕ್ಟೋಬರಿನಲ್ಲೂ ಜಾಗ ಖಾಲಿ ಇತ್ತು," ಎಂದ. "ಅದರ ಹಿಂದಿನ ವರ್ಷ ಫೆಬ್ರವರಿಯವರೆಗೆ. ನಾನು ಎಲ್ಲ ನೋಡಿದ್ದೇನೆ."

"ಸರಿಯಾಗಿಯೇ ನೋಡಿದ್ದೀರಿ." ಕೋಚ್ ಮೊಣಕಾಲು ತಿಕ್ಕಿಕೊಂಡರು. "ಎರಡು ವರ್ಷದ ಹಿಂದೆ ನಾವು ಎರಡೇ ಆಟ ಗೆದ್ದೆವು. ಮುಖ್ಯ ಕೋಚನ್ನು ತೆಗೆಯುತ್ತಾರೆ ಎಂದು ಊರೆಲ್ಲ ಸುದ್ದಿ. ನಾಳೆ ಇರುತ್ತಾನೋ ಇಲ್ಲವೋ ಎಂಬ ಮನುಷ್ಯನ ಹತ್ತಿರ ಯಾವ ತಾಯಿ ಮಗನನ್ನು ಕಳಿಸುತ್ತಾಳೆ? ನಾನು ಫೋನ್ ಮಾಡಿದರೆ ಜನ ಎತ್ತುತ್ತಿರಲಿಲ್ಲ. ಹೋದ ವರ್ಷ ಸ್ವಲ್ಪ ಪರವಾಗಿಲ್ಲ. ಈ ವರ್ಷ ಒಂಬತ್ತು ಗೆದ್ದೆವು. ಮೇಲಿನ ಒಂದು ಕಾಲೇಜಿನಲ್ಲಿ ಕೋಚ್ ಬದಲಾಗಿ ಅವರ ಕೈಯಲ್ಲಿದ್ದ ಹುಡುಗರೆಲ್ಲ ಬಿಡುಗಡೆಯಾದರು. ನಮ್ಮ ಹಳೆಯ ಹುಡುಗರು ಇನ್ನೊಂದು ವರ್ಷ ಆಡುತ್ತೇವೆ ಎಂದು ಉಳಿದರು. ಐದು ಇರಬೇಕಾದ ಜಾಗ ಎರಡಾಯಿತು. ಎರಡಕ್ಕೆ ಹನ್ನೊಂದು ಜನ ಕೇಳುತ್ತಿದ್ದರು. ಗೆದ್ದ ವರ್ಷ ಒಂದು ಥರ, ಸೋತ ವರ್ಷ ಒಂದು ಥರ, ರಾಜ್. ಹೋದ ವರ್ಷದ್ದನ್ನು ನೋಡಿ ಈ ವರ್ಷದ್ದನ್ನು ಹೇಳುವುದಕ್ಕೆ ನನಗೇ ಬರುವುದಿಲ್ಲ, ಇದೇ ನನ್ನ ಕೆಲಸ."

ರಾಜಶೇಖರ ತಲೆ ಅಲ್ಲಾಡಿಸಿದ. ಮೀಟಿಂಗಿನಲ್ಲಿ ಕುಳಿತವನ ಹಾಗೆ ಎಲ್ಲವನ್ನೂ ಅರ್ಥ ಮಾಡಿಕೊಂಡ. ಏನೂ ಅನ್ನಿಸಲಿಲ್ಲ. ಎದೆಯೊಳಗೆ ಏನೋ ಆಗಬೇಕಾಗಿತ್ತು, ಆಗಲಿಲ್ಲ.

"ನೀವು ಒಂದು ತಾರೀಖು ಹೇಳಿದಿರಿ," ಎಂದರು ಕೋಚ್. "ಕಾರಣ ಹೇಳದೆ ತಾರೀಖು ಹೇಳುವವರು ಇನ್ನೊಬ್ಬರ ಉತ್ತರಕ್ಕೆ ಕಾಯುತ್ತಿರುತ್ತಾರೆ. ಯಾವಾಗಲೂ ಹಾಗೆಯೇ. ನಾನು ಎಷ್ಟು ತಡೆಯಬಹುದೋ ಅಷ್ಟು ತಡೆದೆ. ಈಗ ಕೇಳಿ ಉಪಯೋಗವಿಲ್ಲ, ಆದರೂ ಕೇಳುತ್ತೇನೆ. ಏನಾಗಿತ್ತು? ಯಾರಿಗಾದರೂ ಹುಷಾರಿರಲಿಲ್ಲವೇ?"

ರಾಜಶೇಖರ ಬಾಯಿ ತೆರೆದ. ಹುಷಾರಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿ ಬಂದು ಕುಳಿತಿತ್ತು. ಅದೇ ಎಲ್ಲಕ್ಕಿಂತ ಸುಲಭವಾಗಿತ್ತು.

"ಇಲ್ಲ, ಎಲ್ಲರೂ ಚೆನ್ನಾಗಿದ್ದಾರೆ," ಎಂದ ಸ್ವರೂಪ ಇಂಗ್ಲಿಷಿನಲ್ಲಿ. "ನಮ್ಮಲ್ಲಿ ಒಂದು ತಿಂಗಳು ಇರುತ್ತದೆ. ಆ ತಿಂಗಳು ಹೊಸದೇನೂ ಶುರು ಮಾಡುವುದಿಲ್ಲ. ನಮ್ಮ ಅಜ್ಜಿ ಅದನ್ನು ಪಾಲಿಸುತ್ತಾರೆ. ನಿನ್ನೆ ಮುಗಿಯಿತು."

ಎಷ್ಟು ಸಣ್ಣ ಮಾತು ಅದು. ಮೂರೋ ನಾಲ್ಕೋ ವಾಕ್ಯ. ಹುಡುಗ ಹೇಳಿದ್ದರಲ್ಲಿ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ. ತನ್ನ ಊರಿನ ಹೆಸರು ಹೇಳುವ ಹಾಗೆ ಹೇಳಿದ.

ಕೋಚ್ ಮೆರಿಲ್ ಪರದೆ ಎಳೆದ ಬೋರ್ಡಿನ ಕಡೆ ನೋಡಿದರು. "ಅಷ್ಟೇನಾ?" ಎಂದರು. ಕೇಳಿದವರ ಹಾಗೆ ಅಲ್ಲ, ತಮಗೇ ಹೇಳಿಕೊಂಡ ಹಾಗೆ. "ಒಬ್ಬ ಹುಡುಗ ಇದ್ದ ನನ್ನ ಹತ್ತಿರ. ಅವನ ತಾಯಿ, ತಮ್ಮ ಇಡೀ ಚರ್ಚು ಉಪವಾಸವಿದ್ದು ಪ್ರಾರ್ಥನೆ ಮುಗಿಸುವವರೆಗೆ ಏನೂ ಹೇಳುವುದಿಲ್ಲ ಎಂದಳು. ಕಾದೆ. ಬೋರ್ಡಿನ ಮೇಲೆ ಅವನ ಹೆಸರಿನ ಪಕ್ಕ 'ಚರ್ಚ್' ಎಂದು ಬರೆದಿಟ್ಟೆ, ಯಾರೂ ಮುಟ್ಟಲಿಲ್ಲ. ನಾಲ್ಕು ವರ್ಷ ಆಡಿದ. ಅಜ್ಜಿಗಾಗಿ ಎಂದಿದ್ದರೆ..." ಅಷ್ಟಕ್ಕೆ ನಿಲ್ಲಿಸಿದರು. ಒಳ್ಳೆಯ ಮನುಷ್ಯ. ವಾಕ್ಯ ಮುಗಿಸಲಿಲ್ಲ.

ಮುಗಿಸುವ ಅಗತ್ಯವೂ ಇರಲಿಲ್ಲ. ಸ್ವರೂಪ ತಂದೆಯ ಕಡೆ ತಿರುಗಿ ನೋಡಲಿಲ್ಲ. ತಿರುಗಿ ನೋಡಿ ಬೈದಿದ್ದರೆ ರಾಜಶೇಖರ ಏನಾದರೂ ಹೇಳುತ್ತಿದ್ದ, ಹಿರಿಯರ ಮಾತು, ಪದ್ಧತಿ, ಏನಾದರೂ. ಹುಡುಗ ಮೇಜಿನ ಮೇಲಿನ ಅರ್ಧ ಉಂಡೆಯನ್ನೇ ನೋಡುತ್ತಿದ್ದ.

ಸ್ಕಾಲರ್‌ಶಿಪ್ ಇಲ್ಲದೆ ಬಂದು ತಂಡದಲ್ಲಿ ಅಭ್ಯಾಸ ಮಾಡಬಹುದು, ಆಟಕ್ಕೆ ಇಳಿಸುತ್ತೇನೆಂದು ಮಾತು ಕೊಡಲಾರೆ, ಎಂದರು ಕೋಚ್. ಅವನ ಮುಂದೆ ಈಗ ಆರು ಜನ ಇದ್ದಾರೆ ಎಂಬುದನ್ನೂ ಮುಚ್ಚಿಡಲಿಲ್ಲ. ಸ್ವರೂಪ ಎದ್ದು ಕೈ ಕುಲುಕಿದ. ಯೋಚನೆ ಮಾಡುತ್ತೇನೆ ಕೋಚ್, ಥ್ಯಾಂಕ್ಯೂ, ಎಂದ. ಡಬ್ಬಿ ಹುಡುಗರಿಗೆ ಇಟ್ಟುಕೊಳ್ಳಲೇ ಎಂದು ಕೋಚ್ ಕೇಳಿದರು. ದಯವಿಟ್ಟು ಇಟ್ಟುಕೊಳ್ಳಿ, ಎಂದ ರಾಜಶೇಖರ. ಕೈಗಳು ಖಾಲಿಯಾದವು.

ಪಾರ್ಕಿಂಗ್ ಲಾಟಿನಲ್ಲಿ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಆಚೆ ಮೈದಾನದಲ್ಲಿ ಯಾರೋ ಹುಲ್ಲಿಗೆ ಹೊಸದಾಗಿ ಬಿಳಿ ಗೆರೆ ಎಳೆಯುತ್ತಿದ್ದರು. ಡ್ರೈವ್ ಮಾಡ್ತೀಯಾ ಎಂದು ರಾಜಶೇಖರ ಕೀಲಿ ಚಾಚಿದ. ಬರುವಾಗ ಆ ಕೀಲಿಗಾಗಿ ಹುಡುಗ ಎರಡು ಸಲ ಕೇಳಿದ್ದ. ಈಗ ಬೇಡ ಎಂದು ತಲೆಯಾಡಿಸಿ ಪಕ್ಕದ ಸೀಟಿನಲ್ಲಿ ಕುಳಿತ, ಬೆಲ್ಟು ಹಾಕಿಕೊಂಡ.

ದಾರಿ ಗೊತ್ತಿದ್ದದ್ದೇ. ರಾಚೆಸ್ಟರ್ ಹಿಲ್ಸಿನಲ್ಲಿ ಅವನ ಕಂಪನಿಯ ಹೆಡ್ ಆಫೀಸು. ತಿಂಗಳಿಗೊಮ್ಮೆ ಬಂದು ಹೋಗುವ ರಸ್ತೆ. ಆನ್ ಆರ್ಬರ್ ದಾಟಿತು, ಜಾಕ್ಸನ್ ದಾಟಿತು. ಹಸಿವಾಯಿತೇನು ಎಂದು ಕೇಳಿದ. "ಐ ಆಮ್ ಗುಡ್." ಎಸಿ ಹೆಚ್ಚಾಯಿತೇನು ಎಂದು ಕೇಳಿದ. "ಇಟ್ಸ್ ಫೈನ್." ಕಲಮಜೂ ಹತ್ತಿರ ಪೆಟ್ರೋಲು ಹಾಕಿಸಿ ಎರಡು ಸ್ಯಾಂಡ್‌ವಿಚ್ ತಂದ. ಸ್ವರೂಪ ತನ್ನದನ್ನು ತಿಂದ, ಪೇಪರನ್ನು ನಾಲ್ಕು ಮಡಿಕೆ ಮಾಡಿ ಬಾಗಿಲ ಜೇಬಿನಲ್ಲಿಟ್ಟ. ಸಿಟ್ಟು ಮಾಡಿಕೊಂಡಿದ್ದರೆ ತಿನ್ನುತ್ತಿರಲಿಲ್ಲ. ಆ ತಿನ್ನುವಿಕೆಯನ್ನು ನೋಡಿ ರಾಜಶೇಖರನಿಗೆ ಭಯವಾಯಿತು.

ವಾಣಿಶ್ರೀಗೆ ಮೆಸೇಜು ಮಾಡಬೇಕು ಎಂದುಕೊಂಡ. ಗ್ಯಾಸ್ ಸ್ಟೇಷನ್ನಿನಲ್ಲಿ ಫೋನು ಹಿಡಿದು ನಿಂತು, 'ಆಗಲಿಲ್ಲ' ಎಂದು ಬರೆದು, ಕಳಿಸಿದ. 'ಯಾಕೆ' ಎಂದು ಬಂತು. ಅದಕ್ಕೆ ಉತ್ತರ ಬರೆಯದೆ ಕಾರು ಹತ್ತಿದ. ಅವಳಿಗೆ ಉತ್ತರ ಗೊತ್ತಿತ್ತು.

ಅವನು ಒಂದೊಂದಾಗಿ ಮಾತುಗಳನ್ನು ತೆಗೆದು ನೋಡಿದ. ತಪ್ಪಾಯಿತು ಎನ್ನಬಹುದು. ಮುಂದಿನ ವರ್ಷ ನೋಡೋಣ ಎನ್ನಬಹುದು, ಆದರೆ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದವನಿಗೆ ಮುಂದಿನ ವರ್ಷ ಎಂಬುದು ಇರುವುದಿಲ್ಲ. ಅಜ್ಜಿ ಹಾಗೆ ಹೇಳಿದ್ದಕ್ಕೆ... ಎಂದು ಶುರು ಮಾಡಬಹುದು. ಬೆಂಟನ್ ಹಾರ್ಬರ್ ಎಕ್ಸಿಟ್ಟುಗಳು ಬಂದು ಹೋದವು.

ಸ್ವರೂಪನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಮನೆಯ ನಂಬರು. ಇಂಗ್ಲಿಷ್ ಬಾರದ ಗಂಗವ್ವನಿಗೆ ಆ ಫೋನಿನಲ್ಲಿ ಒಂದೇ ಗುಂಡಿ ಗೊತ್ತು, ಅದು ಮೊಮ್ಮಗನದು. ಅವಳ ಕೂಡ ಸ್ವರೂಪ ಚಿಕ್ಕಂದಿನಿಂದ ಕನ್ನಡದಲ್ಲೇ ಮಾತಾಡುವವನು. ಅವಳಿಂದಲೇ ಕಲಿತ ಕನ್ನಡ. ಸ್ಪೀಕರಿಗೆ ಹಾಕಿದ.

"ಸ್ವರೂಪಾ, ಹೇಳಿದ್ರೇನೋ?"

ರಾಜಶೇಖರ ಮಗನ ಕಡೆ ನೋಡಿದ, ಮತ್ತೆ ರಸ್ತೆಯ ಕಡೆ ನೋಡಿದ.

"ಹೇಳಿದ್ವಿ ಅಜ್ಜಿ," ಎಂದ ಸ್ವರೂಪ.

"ಏನಂದ್ರು?"

"ಭಾಳ ಖುಷಿ ಆದ್ರು. ಉಂಡಿ ತಿಂದ್ರು."

"ಎಷ್ಟು ತಿಂದ್ರು?"

"ಎರಡು."

"ಎರಡ! ಜಾಗಾ ಪಕ್ಕಾ ಆತಿಲ್ಲೋ ಮಗಾ?"

ಸ್ವರೂಪ ಕಿಟಕಿಯ ಆಚೆ ನೋಡುತ್ತಿದ್ದ. ದ್ರಾಕ್ಷಿಯ ಹೊಲಗಳು ಹಿಂದೆ ಸರಿಯುತ್ತಿದ್ದವು. "ಹ್ಞೂ ಅಜ್ಜಿ, ಪಕ್ಕಾ ಆತು."

ಆ ಕಡೆ ಗಂಗವ್ವ ನಕ್ಕಳು. ದೇವರ ಹೆಸರೇನೋ ಹೇಳಿಕೊಂಡಳು. ಊರಿಗೆ ಹೋದ ಕೂಡಲೇ ಗರಡಿಮನೆಯ ಹನುಮಪ್ಪನಿಗೆ ಕಾಯಿ ಒಡೆಸುತ್ತೇನೆಂದಳು. "ನೋಡು ಮತ್ತ, ನಾ ಹೇಳಿರ್ಲಿಲ್ಲ? ಒಂದು ತಿಂಗಳು ಕಾದ್ರ ಏನೂ ಹೋಗೂದಿಲ್ಲ. ಶೇಖ್ರಾ, ಕೇಳಾಕತ್ತೀಯೇನು?"

"ಕೇಳಾಕತ್ತೀನವ್ವಾ," ಎಂದ ರಾಜಶೇಖರ.

"ಹುಡುಗಗ ದಾರ್‍ಯಾಗ ಏನರ ಕೊಡಸು. ಸಾವಕಾಶ ಬರ್ರಿ."

ಫೋನು ನಿಂತಿತು. ಸ್ವರೂಪ ಅದನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟ. ಮುಂದೆ ಒಂದು ದೊಡ್ಡ ಟ್ರಕ್ಕು ನಿಧಾನವಾಗಿ ಹೋಗುತ್ತಿತ್ತು. ರಾಜಶೇಖರ ಅದನ್ನು ದಾಟಲಿಲ್ಲ, ಅದರ ಹಿಂದೆಯೇ ಹೋದ.

"ಯಾಕ ಹಂಗ ಹೇಳಿದಿ?" ಎಂದು ಬಹಳ ಹೊತ್ತಿನ ಮೇಲೆ ಕೇಳಿದ.

ಸ್ವರೂಪ ಭುಜ ಕುಣಿಸಿದ. "ಸೆಪ್ಟೆಂಬರ್‌ಗೆ ಊರಿಗೆ ಹೋಗ್ತಾಳ," ಎಂದ. ಆಮೇಲೆ ಇಂಗ್ಲಿಷಿಗೆ ತಿರುಗಿದ. "ಅಜ್ಜಿ ವಿಲ್ ಥಿಂಕ್ ಇಟ್ಸ್ ಹರ್ ಫಾಲ್ಟ್."

ಟ್ರಕ್ಕಿನ ಹಿಂದಿನ ಬಾಗಿಲಿನ ಮೇಲಿದ್ದ ಧೂಳನ್ನು ರಾಜಶೇಖರ ನೋಡುತ್ತಿದ್ದ.

"ಅಂಡ್ ಇಟ್ಸ್ ನಾಟ್, ಅಪ್ಪ."

ಅಷ್ಟು ಹೇಳಿ ಸೀಟು ಹಿಂದಕ್ಕೆ ಮಾಡಿಕೊಂಡು ಕಣ್ಣು ಮುಚ್ಚಿದ. ನಿದ್ದೆ ಬಂದಿರಲಿಲ್ಲ, ರೆಪ್ಪೆಗಳು ಅಲುಗುತ್ತಿದ್ದವು. ಇಸ್ತ್ರಿ ಮಾಡಿದ ಅಂಗಿಯ ಭುಜದ ಹೊಲಿಗೆ ಒಂದು ಕಡೆ ಬಿಟ್ಟಿತ್ತು.

ಇಂಡಿಯಾನಾದ ಗಡಿ ಬಂತು, ಅಲ್ಲಿಂದ ಆಚೆ ಚಿಕಾಗೋ ಸಮಯ, ಮಿಶಿಗನ್ನಿಗಿಂತ ಒಂದು ತಾಸು ಹಿಂದೆ. ಹೋಲ್ಡರಿನಲ್ಲಿದ್ದ ರಾಜಶೇಖರನ ಫೋನು ತನ್ನಷ್ಟಕ್ಕೆ ಒಂದು ತಾಸು ಹಿಂದಕ್ಕೆ ಹೋಯಿತು. ಬೆಳಿಗ್ಗೆ ಅವನೇ ಮುಂದಕ್ಕೆ ಮಾಡಿದ್ದ ಕಾರಿನ ಗಡಿಯಾರ ಹಳೆಯದು, ಅದು ತಾನಾಗಿ ಹಿಂದಕ್ಕೆ ಹೋಗುವುದಿಲ್ಲ, ಗುಂಡಿ ಒತ್ತಿ ಮಾಡಬೇಕು. ಅವನು ಕೈ ಚಾಚಿ ಅದರ ಗುಂಡಿಯ ಮೇಲೆ ಬೆರಳಿಟ್ಟ. ಸ್ವಲ್ಪ ದೂರ ಹಾಗೆಯೇ ಹೋದ. ಆಮೇಲೆ ಒತ್ತದೆ ಕೈಯನ್ನು ಸ್ಟಿಯರಿಂಗಿಗೆ ತಂದುಕೊಂಡ.